ಮಟ್ಟುವಿನ ಗಾಳಿ ಮತ್ತು ಒಂದು ಕಾಲರ್ ಮೈಕ್

ಇವತ್ತು ಬೆಳಿಗ್ಗೆ ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರದ ಮಟ್ಟುವಿಗೆ ಹೋಗಿದ್ದೆ. ಅಲ್ಲಿನ ಒಂದು ಸ್ವಸಹಾಯ ಸಂಘದ ಅಕ್ಕಂದಿರಿಗೆ ಮಟ್ಟುಗುಳ್ಳ ಅನ್ನುವ ಊರಿನ ಬದನೆಕಾಯಿ ಬಗ್ಗೆ ಮೂರು ನಿಮಿಷದ ವಿಡಿಯೋ ಬೇಕಿತ್ತು. ಬಜೆಟ್ ಅಂತ ಏನೂ ಇಲ್ಲ. ನನ್ನ ಮೊಬೈಲ್, ಒಂದು ಸ್ಟ್ಯಾಂಡ್, ಒಂದು ಕಾಲರ್ ಮೈಕ್, ಅಷ್ಟೇ.

ಸಮುದ್ರ ಪಕ್ಕದಲ್ಲೇ ಅಲ್ವಾ, ಗದ್ದೆಯಲ್ಲಿ ರೆಕಾರ್ಡ್ ಮಾಡಿದರೆ ಬರೀ ಗಾಳಿ ಸದ್ದು. ಮೈಕನ್ನು ಸೆರಗಿನ ಒಳಗೆ ಸಿಕ್ಕಿಸಿ ಮನೆಯ ಜಗಲಿಗೆ ಬಂದೆವು. ಆಮೇಲೆ ಮಾತು ಸ್ಪಷ್ಟವಾಯಿತು. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಕೂರುವುದಿಲ್ಲ. ದುಡ್ಡಿದ್ದರೆ ಮೊದಲು ಮೈಕಿಗೆ ಹಾಕಿ ಅಂತ ಎಲ್ಲ ಸಂಘದವರಿಗೂ ಹೇಳುತ್ತೇನೆ. ಒಳಗೆ ಟ್ಯೂಬ್‌ಲೈಟ್ ಇದ್ದರೆ ಕ್ಯಾಮೆರಾದ ಶಟರ್ ವೇಗ 1/50 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಿಟ್ಟರೆ ಚಿತ್ರ ಮಿನುಗುವುದಿಲ್ಲ.

ಒಬ್ಬರು ಅಕ್ಕ ಮಾತನ್ನೆಲ್ಲ ಕಾಗದದಲ್ಲಿ ಬರೆದು ತಂದಿದ್ದರು. ಓದುವಾಗ ಸ್ವರ ನಡುಗಿತು. ಕಾಗದ ಬದಿಗಿಟ್ಟು, "ಗುಳ್ಳ ಹೇಗೆ ಕೊಯ್ಯುವುದು ಅಕ್ಕ?" ಅಂತ ಸುಮ್ನೆ ಕೇಳಿದೆ. ಬುಟ್ಟಿಯಿಂದ ಒಂದನ್ನು ತೆಗೆದು, ತೊಟ್ಟಿನ ಮುಳ್ಳು ತಾಗದ ಹಾಗೆ ಎರಡು ಬೆರಳಲ್ಲಿ ಹಿಡಿದು, ತಿರುಗಿಸುತ್ತಾ ತುಳುವಿನಲ್ಲಿ ಮಾತಿಗೆ ಶುರು ಮಾಡಿದರು. ಆ ತಿಳಿಹಸಿರು, ಅದರ ಮೇಲಿನ ಬಿಳಿ ಗೀರು, ಅವರ ಬೆರಳು! ಕ್ಯಾಮೆರಾ ಅಲ್ಲೇ ನಿಂತಿತು. 2011ರಲ್ಲಿ ಮಟ್ಟುಗುಳ್ಳಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದು ಕಾಗದದ ಮೊದಲ ಸಾಲು. ಅವರು ಹೇಳಿದ್ದು ಅತ್ತೆ ಬೂದಿಯಲ್ಲಿ ಹೊರಳಿಸಿ ಎತ್ತಿಡುತ್ತಿದ್ದ ಬೀಜದ ಕಥೆ.

ಈಗ ಕನ್ನಡ ಸಬ್‌ಟೈಟಲ್ ಹಾಕುತ್ತಾ ಕೂತಿದ್ದೇನೆ. ನಡುವೆ ಒಂದು ಕಡೆ ಕಾಗೆ ಕೂಗಿದೆ. ತೆಗೆಯಲು ಮನಸ್ಸಾಗುತ್ತಿಲ್ಲ, ಇರಲಿ.