ಅರಗಿನ ಪಾಲಿಷ್ ಮುಗಿದ ಮೇಲಿನ ಕೆಲಸ

ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟಿದ ದಿನಗಳಲ್ಲಿ ಅರಗಿನ ಪಾಲಿಷ್ ಹಚ್ಚುವವರು ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಿಕೊಳ್ಳಬೇಕಾಗುತ್ತದೆ. ಹೊತ್ತೇರಿದರೆ ಅರಗನ್ನು ಕರಗಿಸಿದ ಸ್ಪಿರಿಟ್ (ಮದ್ಯಸಾರ) ಕ್ಷಣದಲ್ಲಿ ಆರಿ, ಬ್ರಷ್ಷಿನ ಗೆರೆಗಳು ಮರದ ಮೇಲೆ ಹಾಗೆಯೇ ನಿಂತುಬಿಡುತ್ತವೆ. ಕಳೆದ ಮೇ ತಿಂಗಳಲ್ಲಿ ಹಳೆಯ ವಾಡೆಯೊಂದರ ಸಾಗವಾನಿ ಬಾಗಿಲುಗಳು ನಮ್ಮ ಅಂಗಡಿಗೆ ಬಂದಿದ್ದವು. ಅವುಗಳ ಕೊನೆಯ ಕೈ ಮುಗಿದದ್ದು ಬೆಳಗಿನ ಚಹಾದ ಹೊತ್ತಿಗೆ, ಬ್ರಷ್ಷು ಮತ್ತು ಸ್ಪ್ರೇ ಗನ್ ತೊಳೆದು ಮುಗಿದದ್ದು ಮಧ್ಯಾಹ್ನದ ಊಟದ ನಂತರ.

ಆ ದಿನದ ಬ್ರಷ್ಷುಗಳಷ್ಟೇ ಆಗಿದ್ದರೆ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಹಿಂದಿನ ಕೆಲಸದಲ್ಲಿ ತೊಳೆಯದೆ ಬಿಟ್ಟಿದ್ದ ಒಂದು ಕಟ್ಟು ಬ್ರಷ್ಷು ಮೂಲೆಯಲ್ಲಿತ್ತು. ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಆಳಂದದ ಕಡೆಯ ಹುಡುಗ ಅವನ್ನು ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದ. ಬೆಳಿಗ್ಗೆ ಒಂದನ್ನು ಎತ್ತಿ ನೆಲಕ್ಕೆ ಬಡಿದು, “ಕಾಕಾ, ಇದು ಕಟ್ಟಗಿ ಆಗ್ಯಾದ್ರಿ, ಒಗದ್ ಬಿಡ್ಲೇನ್ರಿ?” ಎಂದು ಕೇಳಿದ. ಬೇಡವೆಂದೆ. ಸೀಮೆಎಣ್ಣೆಗಾಗಲಿ ಟರ್ಪೆಂಟೈನಿಗಾಗಲಿ ಅರಗು ಕರಗುವುದಿಲ್ಲ. ಅದು ಕರಗುವುದು ಸ್ಪಿರಿಟ್ಟಿನಲ್ಲಿ. ಎಣ್ಣೆ ವಾರ್ನಿಷ್ ಒಮ್ಮೆ ಗಟ್ಟಿಯಾಯಿತೆಂದರೆ ತನ್ನದೇ ಥಿನ್ನರಿಗೂ ಮಣಿಯುವುದಿಲ್ಲ, ಆದರೆ ಅರಗು ಎಷ್ಟು ದಿನ ಒಣಗಿದ್ದರೂ ಸ್ಪಿರಿಟ್ ತಾಗಿದೊಡನೆ ಮತ್ತೆ ಬಿಟ್ಟುಕೊಡುತ್ತದೆ. ಈ ಒಂದು ಗುಣಕ್ಕಾಗಿಯೇ ನಾನು ಅರಗಿನ ಕೆಲಸವನ್ನು ಬಿಟ್ಟಿಲ್ಲ ಎಂದರೂ ತಪ್ಪಿಲ್ಲ.

ಸೀಮೆಎಣ್ಣೆಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ತೆಗೆದು, ಬ್ರಷ್ಷುಗಳನ್ನು ಗಾಜಿನ ಭರಣಿಯೊಳಗೆ ಸ್ಪಿರಿಟ್ಟಿನಲ್ಲಿ ತೂಗುಹಾಕಿದೆವು. ತಳಕ್ಕೆ ಊರಿ ನಿಲ್ಲಿಸಿದರೆ ಕೂದಲು ಬಾಗಿ, ಆ ಬಾಗು ಮುಂದೆ ಹೋಗುವುದೇ ಇಲ್ಲ. ಆದ್ದರಿಂದ ಹಿಡಿಕೆಯ ತೂತಿಗೆ ತಂತಿ ಪೋಣಿಸಿ, ಕೂದಲನ್ನು ಹಿಡಿದಿರುವ ತಗಡಿನ ಪಟ್ಟಿಯ ಅಂಚಿನವರೆಗೆ ಮುಳುಗುವಂತೆ ಇಳಿಬಿಡುವುದು ನಮ್ಮ ರೂಢಿ. ಸ್ವಲ್ಪ ಹೊತ್ತಿಗೆ ಕೂದಲಿನ ತುದಿಗಳಿಂದ ಜೇನಿನ ಬಣ್ಣದ ಎಳೆಗಳು ಇಳಿದು ಭರಣಿಯ ತಳದಲ್ಲಿ ಪದರವಾಗಿ ಕೂತವು. ಹುಡುಗ ಬಗ್ಗಿ ಅದನ್ನೇ ನೋಡುತ್ತ ಕುಳಿತ.

ಎಲ್ಲವನ್ನೂ ಸ್ಪಿರಿಟ್ಟಿನಿಂದಲೇ ತೊಳೆಯುತ್ತ ಹೋಗುವುದು ದುಬಾರಿಯೂ ಹೌದು, ಅಪಾಯವೂ ಹೌದು. ಆ ಬಿಸಿಲಿನಲ್ಲಿ ಅದರ ಆವಿ ಬಹಳ ಬೇಗ ಏಳುತ್ತದೆ, ಗಾಳಿಗಿಂತ ಭಾರವಾದದ್ದರಿಂದ ನೆಲದ ಮಟ್ಟದಲ್ಲೇ ಹರಡುತ್ತದೆ, ಒಂದು ಬೀಡಿಯ ಕಿಡಿ ಸಾಕು. ಹೀಗಾಗಿ ಈ ಕೆಲಸವನ್ನು ನಾವು ಹಿಂದಿನ ಅಂಗಳದ ಬೇವಿನ ನೆರಳಿನಲ್ಲೇ ಮಾಡುವುದು. ಸ್ಪಿರಿಟ್ಟಿನಲ್ಲಿ ಒಮ್ಮೆ ಬಿಡಿಸಿದ ಮೇಲೆ ಉಳಿದದ್ದಕ್ಕೆ ಕ್ಷಾರದ ನೀರು ಸಾಕು. ಅರಗು ಆಮ್ಲದ ಗುಣವುಳ್ಳದ್ದು. ಮುತ್ತುಗ, ಬೋರೆ ಮುಂತಾದ ಮರಗಳ ಟೊಂಗೆಗಳ ಮೇಲೆ ಪುಟ್ಟ ಕೀಟವೊಂದು ಸ್ರವಿಸುವ ಈ ರಾಳವು ಬರಿಯ ನೀರಿಗೆ ಕರಗದಿದ್ದರೂ ಕ್ಷಾರ ಬೆರೆತ ನೀರಿಗೆ ಕರಗುತ್ತದೆ. ಅಮೋನಿಯಾ ಹಾಕುವವರು ಬಹಳ ಜನ ಇದ್ದಾರೆ, ಕೆಲಸವೂ ಬೇಗ ಆಗುತ್ತದೆ. ನಾನು ಬಳಸುವುದು ಅಕ್ಕಸಾಲಿಗರು ಬೆಸುಗೆಗೆ ಇಟ್ಟುಕೊಳ್ಳುವ ಬಿಳಿಗಾರ. ಬಿಸಿನೀರಿನಲ್ಲಿ ಕರಗಿಸಿ, ಕೈ ತಾಳುವಷ್ಟು ಬೆಚ್ಚಗಾದ ಮೇಲೆ ಬ್ರಷ್ಷನ್ನು ಅಂಗೈಯ ಮೇಲೆ ತಿಕ್ಕಿದರೆ ಬುಡದಲ್ಲಿ ಅಡಗಿದ ಅರಗೂ ಹೊರಬರುತ್ತದೆ. ವಾಷಿಂಗ್ ಸೋಡಾ ಅಗ್ಗವಾದರೂ ಹಂದಿಕೂದಲಿನ ಬ್ರಷ್ಷಿಗೆ ಅದು ಕಟುವಾಗುತ್ತದೆ: ಪ್ರಾಣಿಗಳ ಕೂದಲು ತೀಕ್ಷ್ಣ ಕ್ಷಾರದಲ್ಲಿ ಹೆಚ್ಚು ಹೊತ್ತು ನೆನೆದರೆ ಪೆಡಸಾಗಿ ಮುರಿಯತೊಡಗುತ್ತದೆ.

ಸ್ಪ್ರೇ ಗನ್ನಿನ ವಿಷಯದಲ್ಲಿ ಮಾತ್ರ ನನ್ನದು ಹಟವೆನ್ನುವಷ್ಟು ಕಟ್ಟುನಿಟ್ಟು. ಅದರ ಮುಂಭಾಗದ ಟೋಪಿಯೂ ಒಳಗಿನ ಕೆಲವು ಭಾಗಗಳೂ ಹಿತ್ತಾಳೆಯವು, ಹಿತ್ತಾಳೆಗೂ ಅಮೋನಿಯಾಕ್ಕೂ ಆಗಿಬರುವುದಿಲ್ಲ. ಹಿತ್ತಾಳೆಯ ಹಳೆಯ ನಳಿಕೆಯೊಂದನ್ನು ಹುಡುಗನಿಗೆ ತೋರಿಸಲೆಂದೇ ಬಟ್ಟಲಿನಲ್ಲಿ ಅಮೋನಿಯಾ ನೀರು ಹಾಕಿ ಬಿಟ್ಟಿದ್ದೆ. ಊಟ ಮುಗಿಸಿ ಬಂದು ನೋಡಿದಾಗ ನೀರಿಗೆ ತಿಳಿನೀಲಿ ಬಣ್ಣ ಬಂದಿತ್ತು. ಅದು ಲೋಹದೊಳಗಿನ ತಾಮ್ರ ಕರಗಿ ಬಂದ ಬಣ್ಣ. “ಹಂಗಾರ ಗನ್ನಿಗಿ ಅಮೋನಿಯಾ ಹಾಕಬಾರ್ದ್ರಿ,” ಎಂದು ಅವನೇ ಹೇಳಿದ.

ಗನ್ನನ್ನು ಹಾಗೆಯೇ ಸ್ಪಿರಿಟ್ಟಿನಲ್ಲಿ ಮುಳುಗಿಸುವುದೂ ಸರಿಯಲ್ಲ. ಕರಗಿದ ಅರಗು ಗಾಳಿಯ ದಾರಿಗಳೊಳಗೆ ಹೊಕ್ಕು ಅಲ್ಲೇ ಒಣಗಿ ಕೂರುತ್ತದೆ, ಸೂಜಿಯ ಸುತ್ತಲಿನ ಪ್ಯಾಕಿಂಗಿನ ಎಣ್ಣೆಯೂ ಹೋಗುತ್ತದೆ. ಗನ್ನಿಗೆ ಪಾಲಿಷ್ ತುಂಬುವ ಕಪ್ಪಿನಲ್ಲಿ ಉಳಿದದ್ದನ್ನು ಸುರಿದು, ಹೊಸ ಸ್ಪಿರಿಟ್ ಹಾಕಿ, ತಿಳಿಯಾಗಿ ಬರುವವರೆಗೆ ಬಯಲಿಗೆ ಸಿಂಪಡಿಸಿದ ಮೇಲೆ ಗಾಳಿಯ ಪೈಪು ಕಳಚಿ, ಟೋಪಿ, ನಳಿಕೆ, ಸೂಜಿ ಇಷ್ಟನ್ನು ಬಿಚ್ಚಿ ನೆನೆಹಾಕಿದೆವು. ಟೋಪಿಯ ಸಣ್ಣ ತೂತುಗಳನ್ನು ಕಸಬರಿಗೆಯ ಕಡ್ಡಿಯಿಂದ ಬಿಡಿಸಬೇಕೇ ಹೊರತು ತಂತಿಯನ್ನಾಗಲಿ ಮೊಳೆಯನ್ನಾಗಲಿ ಹಾಕಬಾರದು. ತೂತು ಕೂದಲೆಳೆಯಷ್ಟು ಹಿಗ್ಗಿದರೂ ಸಿಂಪರಣೆ ಒಂದು ಕಡೆಗೆ ವಾಲುತ್ತದೆ. ಹಳೆಯ ಕಪ್ಪಿನ ತಳದ ಗಟ್ಟಿ ಅರಗಿಗೆ ಬಿಳಿಗಾರದ ನೀರು ಹಾಕಿದ್ದರಿಂದ ಅದನ್ನು ಶುದ್ಧ ನೀರಿನಲ್ಲಿ ಜಾಲಿಸಿ, ಕೊನೆಗೊಮ್ಮೆ ಸ್ಪಿರಿಟ್ಟಿನಲ್ಲಿ ಜಾಲಿಸಿದೆವು. ನೀರಿನ ಹನಿ ಒಳಗೆ ಉಳಿದರೆ ಮುಂದಿನ ಪಾಲಿಷ್ ಮಬ್ಬಾಗಿ ಬೆಳ್ಳಗೆ ಬರುತ್ತದೆ. ಸೂಜಿಗೆ ಒಂದು ತೊಟ್ಟು ಹೊಲಿಗೆಯಂತ್ರದ ಎಣ್ಣೆ ಸವರಿ ಗನ್ ಜೋಡಿಸಿದೆವು.

ತೊಳೆದ ಸ್ಪಿರಿಟ್ಟನ್ನು ಚರಂಡಿಗೆ ಚೆಲ್ಲಲು ನನಗೆ ಮನಸ್ಸಾಗುವುದಿಲ್ಲ. ಮುಚ್ಚಳ ಬಿಗಿದು, ಹೆಸರು ಬರೆದ ಚೀಟಿ ಅಂಟಿಸಿ ಇಟ್ಟರೆ ಕೆಲವು ದಿನಗಳಲ್ಲಿ ಕಸವೆಲ್ಲ ತಳಕ್ಕಿಳಿಯುತ್ತದೆ, ಮೇಲಿನ ತಿಳಿ ಮುಂದಿನ ಸಲದ ಮೊದಲ ತೊಳೆತಕ್ಕೆ ಒದಗುತ್ತದೆ. ಬ್ರಷ್ಷುಗಳನ್ನು ಬಾಚಿ, ಕೂದಲು ನೇರವಾಗಿರುವಂತೆ ಕಾಗದ ಸುತ್ತಿ ಗೂಟಕ್ಕೆ ನೇತುಹಾಕಿದೆವು. ಹುಡುಗ ಎಸೆಯಲು ಹೊರಟಿದ್ದ ಆ ಕಟ್ಟಿನಲ್ಲಿ ಎರಡನ್ನು ಬಿಟ್ಟು ಉಳಿದವೆಲ್ಲ ಮುಂದಿನ ವಾರ ಜೇವರ್ಗಿಯ ಮನೆಯೊಂದರ ಕಪಾಟುಗಳಿಗೆ ಕೆಲಸಕ್ಕೆ ಬಂದವು.