ಇಂಗ್ಲಿಷ್ ಗ್ರಾಮರ್ ನೌನ್‌ನಿಂದಲೇ ಶುರು ಮಾಡಬೇಕಾ?

ಇಂಗ್ಲಿಷ್ ಕಲಿಯಲು ಹೊರಟ ದೊಡ್ಡವರು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕೇಳುವುದು ಇದನ್ನೇ: "ಗ್ರಾಮರ್ ಮೊದಲಿನಿಂದ ಓದೋಣ ಅಂತಿದ್ದೀನಿ. ನೌನ್‌ನಿಂದ ಶುರು ಮಾಡಲಾ?" ಕೇಳುವಾಗ ಕೈಯಲ್ಲಿ ಒಂದು ಗ್ರಾಮರ್ ಪುಸ್ತಕ ಇರುತ್ತದೆ. ಮೊದಲ ಪಾಠ ನೌನ್, ಎರಡನೆಯದು ಪ್ರೊನೌನ್. ಬಹಳ ಜನ ಮೊದಲ ಪಾಠವನ್ನು ಚೆನ್ನಾಗಿ ಬಾಯಿಪಾಠ ಮಾಡಿ, ಎರಡನೆಯದು ಸುಲಭ ಅಂತ ಹಾರಿಸಿ, ಟೆನ್ಸ್‌ಗೆ ಹೋಗಿಬಿಡುತ್ತಾರೆ.

ನನ್ನ ಉತ್ತರ: ನೌನ್‌ಗೆ ಒಂದು ಸಂಜೆ ಸಾಕು. ಪ್ರೊನೌನ್‌ಗೆ ಒಂದು ತಿಂಗಳು ಕೊಡಿ.

ನೌನ್ ಅಂದರೆ ನಾಮಪದ. ಅದನ್ನು ಪ್ರಾಪರ್, ಕಾಮನ್, ಕಲೆಕ್ಟಿವ್, ಅಬ್‌ಸ್ಟ್ರಾಕ್ಟ್ ಅಂತ ವಿಂಗಡಿಸುವುದು ಪರೀಕ್ಷೆಗೆ ಸರಿ. ಆದರೆ 'ಹಾನೆಸ್ಟಿ' ಅನ್ನುವುದು ಅಬ್‌ಸ್ಟ್ರಾಕ್ಟ್ ನೌನ್ ಅಂತ ಗೊತ್ತಿದ್ದರೆ ಬ್ಯಾಂಕಿನಲ್ಲಿ ಮಾತಾಡಲು ಏನೂ ಸಹಾಯವಾಗುವುದಿಲ್ಲ. ಪ್ರಾಪರ್ ನೌನ್ ಬರೆಯುವಾಗ ಮೊದಲಕ್ಷರ ಕ್ಯಾಪಿಟಲ್ ಇರಲಿ, ಅಷ್ಟೇ.

ನಿಜ ಹೇಳಬೇಕೆಂದರೆ ಇಂಗ್ಲಿಷ್ ನಾಮಪದ ಬಹಳ ಸೋಮಾರಿ. ನಮ್ಮಲ್ಲಿ ಮನೆ, ಮನೆಯನ್ನು, ಮನೆಗೆ, ಮನೆಯಿಂದ, ಮನೆಯಲ್ಲಿ ಅಂತ ಪದವೇ ಬದಲಾಗುತ್ತದೆ. 'ಹೌಸ್' ಎಲ್ಲಿಟ್ಟರೂ ಹೌಸ್. ಅದರ ಮುಂದೆ ಟು, ಫ್ರಮ್, ಇನ್ ಬಂದು ಕೆಲಸ ಮಾಡುತ್ತವೆ. ಪದ ಬದಲಾಗುವುದು ಎರಡೇ ಕಡೆ. ಬಹುವಚನದಲ್ಲಿ ಕೊನೆಗೆ ಎಸ್ ಸೇರುತ್ತದೆ. 'ರವಿಯ ಪುಸ್ತಕ' ಅನ್ನುವಾಗ ಅಪಾಸ್ಟ್ರಫಿ ಹಾಕಿದ ಎಸ್ ಸೇರುತ್ತದೆ: ರವೀಸ್ ಬುಕ್. ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲೂ ನಾಮಪದಕ್ಕೆ ವಿಭಕ್ತಿಗಳಿದ್ದವು, ಆಮೇಲೆ ಉದುರಿಹೋದವು. ಚಿಲ್ಡ್ರನ್, ಆಕ್ಸನ್, ಫೀಟ್, ಟೀತ್, ಮೈಸ್ ಇಂಥ ಬಹುವಚನಗಳು ಹಳೇ ಕಾಲದ ಉಳಿಕೆ. ಅವನ್ನು ಮಾತ್ರ ಬಾಯಿಪಾಠ ಮಾಡಲೇಬೇಕು.

ಇಲ್ಲಿ ಕನ್ನಡಿಗರು ಎಡವುವುದು ಎಲ್ಲಿ? ಅಂಗಡಿಯಲ್ಲಿ ನಾವು "ಐದು ಪುಸ್ತಕ ಕೊಡಿ" ಅನ್ನುತ್ತೇವೆ, ಪುಸ್ತಕಗಳು ಅನ್ನುವುದಿಲ್ಲ. ಐದು ಅಂದಮೇಲೆ ಮತ್ತೆ 'ಗಳು' ಯಾಕೆ, ಅಲ್ವಾ? ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ, 'ಫೈವ್ ಬುಕ್ಸ್' ಅನ್ನಲೇಬೇಕು. ಜನರ ವಿಷಯದಲ್ಲಿ ಈ ತಪ್ಪು ಕಡಿಮೆ, ಯಾಕೆಂದರೆ ಕನ್ನಡದಲ್ಲೂ ಇಬ್ಬರು ಹುಡುಗರು ಅಂತಲೇ ಹೇಳುತ್ತೇವೆ. ಆದರೂ 'ಒನ್ ಆಫ್ ಮೈ ಫ್ರೆಂಡ್' ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಫ್ರೆಂಡ್ಸ್ ಪೈಕಿ ಒಬ್ಬ ಅಂತ ತಾನೇ? ಹಾಗಾಗಿ 'ಒನ್ ಆಫ್ ಮೈ ಫ್ರೆಂಡ್ಸ್'.

ಬೇಡದ ಕಡೆ ಎಸ್ ಹಾಕುವುದೂ ಇದೆ. ಫರ್ನಿಚರ್ಸ್, ಲಗೇಜಸ್, ಇನ್‌ಫರ್ಮೇಶನ್ಸ್, ಅಡ್ವೈಸಸ್ ಯಾವುದೂ ಇಲ್ಲ. ಇವು ಎಣಿಸಲು ಬಾರದ ನಾಮಪದಗಳು. ಎಣಿಸಲೇಬೇಕಾದರೆ 'ಟೂ ಪೀಸಸ್ ಆಫ್ ಲಗೇಜ್'. ತಲೆಕೂದಲು ಉದುರುತ್ತಿದೆ ಅನ್ನಲು 'ಮೈ ಹೇರ್ ಈಸ್ ಫಾಲಿಂಗ್ ಔಟ್', ಎಷ್ಟೇ ಉದುರಿದರೂ ಹೇರ್ಸ್ ಆಗುವುದಿಲ್ಲ. ಇನ್ನು 'ನ್ಯೂಸ್' ಕೊನೆಯಲ್ಲಿ ಎಸ್ ಇಟ್ಟುಕೊಂಡೂ ಏಕವಚನ. ಕತ್ತರಿ ಒಂದೇ ಇದ್ದರೂ 'ಸಿಸರ್ಸ್' ಬಹುವಚನ. ಇದರಲ್ಲಿ ನ್ಯಾಯ ಹುಡುಕಬೇಡಿ. ನೌನ್ ಪಾಠ ಮುಗಿಯಿತು.

ಈಗ ಪ್ರೊನೌನ್, ಅಂದರೆ ಸರ್ವನಾಮ. ಉದುರಿಹೋದ ವಿಭಕ್ತಿಗಳು ಇನ್ನೂ ಉಳಿದಿರುವುದು ಇಲ್ಲಿ. ನಾನು ಅನ್ನಲು ಐ, ನನ್ನನ್ನು ಮತ್ತು ನನಗೆ ಎರಡಕ್ಕೂ ಮಿ, ನನ್ನ ಅನ್ನಲು ಮೈ, ನನ್ನದು ಅನ್ನಲು ಮೈನ್. ಹಾಗೆಯೇ ಹಿ, ಹಿಮ್, ಹಿಸ್. ಶಿ, ಹರ್, ಹರ್ಸ್. ವಿ, ಅಸ್, ಅವರ್, ಅವರ್ಸ್. ದೇ, ದೆಮ್, ದೇರ್, ದೇರ್ಸ್. ಕನ್ನಡದವರಿಗೆ ಇದು ಹೊಸದಲ್ಲ, ವಿಭಕ್ತಿ ನಮಗೆ ಹುಟ್ಟಿನಿಂದ ಬಂದದ್ದು.

ಒಂದೇ ತೊಡಕು. 'ನನಗೆ' ಕಂಡಲ್ಲೆಲ್ಲ ಮಿ ಬರುವುದಿಲ್ಲ. "ನನಗೆ ಪುಸ್ತಕ ಕೊಡು" ಅಂದಾಗ ಮಿ ಸರಿ. ನನಗೆ ಬೇಕು, ನನಗೆ ಗೊತ್ತು, ನನಗೆ ಇಷ್ಟ, ನನಗೆ ಹಸಿವು ಎಲ್ಲವೂ ಇಂಗ್ಲಿಷ್‌ನಲ್ಲಿ ಐ: ಐ ವಾಂಟ್, ಐ ನೋ, ಐ ಲೈಕ್, ಐ ಆಮ್ ಹಂಗ್ರಿ. ಕನ್ನಡದಲ್ಲಿ ಹಸಿವು ನಮಗೆ ಆಗುತ್ತದೆ, ಇಂಗ್ಲಿಷ್‌ನಲ್ಲಿ ಹಸಿದಿರುವವರು ನಾವು.

'ರವಿ ಆಂಡ್ ಐ' ಸರಿಯೋ 'ರವಿ ಆಂಡ್ ಮಿ' ಸರಿಯೋ? ರವಿಯನ್ನು ಪಕ್ಕಕ್ಕೆ ಕಳಿಸಿ ನೋಡಿ. 'ಐ ವೆಂಟ್' ಅನ್ನುತ್ತೇವೆ, ಹಾಗಾಗಿ 'ರವಿ ಆಂಡ್ ಐ ವೆಂಟ್'. 'ಶಿ ಕಾಲ್ಡ್ ಮಿ' ಅನ್ನುತ್ತೇವೆ, ಹಾಗಾಗಿ 'ಶಿ ಕಾಲ್ಡ್ ರವಿ ಆಂಡ್ ಮಿ'. ಹುಟ್ಟಾ ಇಂಗ್ಲಿಷ್ ಮಾತಾಡುವವರೂ ಇದರಲ್ಲಿ ತಪ್ಪುತ್ತಾರೆ, ಅದೊಂದು ಸಮಾಧಾನ.

ಇನ್ನು 'ಮೈಸೆಲ್ಫ್ ರಮೇಶ್'. ದಯವಿಟ್ಟು ಬಿಡಿ. 'ಐ ಆಮ್ ರಮೇಶ್' ಸಾಕು. ಮೈಸೆಲ್ಫ್ ಬರುವುದು 'ಐ ಕುಕ್ಡ್ ಇಟ್ ಮೈಸೆಲ್ಫ್' ಅಂತ 'ನಾನೇ' ಅನ್ನುವಾಗ, ಇಲ್ಲವೇ 'ಐ ಕಟ್ ಮೈಸೆಲ್ಫ್' ಅಂತ ನನಗೆ ನಾನೇ ಏನಾದರೂ ಮಾಡಿಕೊಂಡಾಗ.

ಕನ್ನಡದಲ್ಲಿ "ಬಂದೆ" ಅಂದರೆ ಯಾರು ಅಂತ ಕೇಳಬೇಕಿಲ್ಲ, ಕ್ರಿಯಾಪದದಲ್ಲೇ ಇದೆ. ಇಂಗ್ಲಿಷ್‌ನಲ್ಲಿ ಯಾರಾದರೂ ಒಬ್ಬರು ಮುಂದೆ ನಿಲ್ಲಲೇಬೇಕು. ಯಾರೂ ಸಿಗದಿದ್ದರೆ ಇಟ್ ಅನ್ನು ನಿಲ್ಲಿಸುತ್ತಾರೆ. ಇಟ್ ಈಸ್ ರೈನಿಂಗ್, ಇಟ್ ಈಸ್ ಲೇಟ್, ಇಟ್ ಈಸ್ ಫೈವ್. ಈ ಇಟ್ ಯಾವುದು ಅಂತ ಕೇಳಬೇಡಿ, ಅದು ಯಾವುದೂ ಅಲ್ಲ. ಬಿಟ್ಟರೆ ಮಾತ್ರ ತಪ್ಪು.

ಅತಿ ಹೆಚ್ಚು ಗೊಂದಲ ಇರುವುದು ಗೌರವದ ವಿಷಯದಲ್ಲಿ. "ಅಪ್ಪ ಬಂದರು, ಅವರು ಊಟ ಮಾಡುತ್ತಿದ್ದಾರೆ" ಅನ್ನುವ ಬಾಯಿಗೆ ಅಪ್ಪನನ್ನು 'ಹಿ' ಅನ್ನಲು ಹಿಂಜರಿಕೆ. ಹಾಗಾಗಿ 'ಮೈ ಫಾದರ್ ಹ್ಯಾಸ್ ಕಮ್, ದೇ ಆರ್ ಈಟಿಂಗ್' ಬರುತ್ತದೆ. ಕೇಳಿದವರು ಅಪ್ಪನ ಜೊತೆ ಇನ್ನು ಯಾರು ಬಂದಿದ್ದಾರೆ ಅಂತ ನೋಡುತ್ತಾರೆ. ಇಂಗ್ಲಿಷ್‌ನ 'ಹಿ' ಏಕವಚನದ 'ಅವನು' ಅಲ್ಲ. ರಾಜನಿಗೂ ಹಿ, ಕಳ್ಳನಿಗೂ ಹಿ. ಅದರಲ್ಲಿ ಮರ್ಯಾದೆಯೂ ಇಲ್ಲ, ಅವಮಾನವೂ ಇಲ್ಲ.

"ಹಾಗಾದರೆ ಬಾಸ್‌ಗೆ ಯು ಅಂದರೆ ನೀನು ಅಂದ ಹಾಗೆ ಆಗಲ್ವಾ?" ಇದು ಮುಂದಿನ ಪ್ರಶ್ನೆ. ಇಲ್ಲ, ಉಲ್ಟಾ. ಹಿಂದೆ ಇಂಗ್ಲಿಷ್‌ನಲ್ಲಿ ನೀನು ಅನ್ನಲು 'ದೌ' ಇತ್ತು, 'ಯು' ಬಹುವಚನದ್ದು. ದೊಡ್ಡವರನ್ನು ಮಾತಾಡಿಸುವಾಗ ನಮ್ಮ 'ನೀವು' ಹಾಗೆಯೇ ಯು ಬಳಸುತ್ತಿದ್ದರು. ಬರಬರುತ್ತಾ ಎಲ್ಲರಿಗೂ ಯು ಆಯಿತು, ದೌ ದಿನಬಳಕೆಯಿಂದ ಮಾಯವಾಯಿತು. 1611ರ ಇಂಗ್ಲಿಷ್ ಬೈಬಲ್ ತೆರೆದರೆ ಅಲ್ಲಿ ಇನ್ನೂ ಕಾಣುತ್ತದೆ. ಒಬ್ಬರೇ ಇದ್ದರೂ 'ಯು ಆರ್' ಅನ್ನುವುದು ಇದೇ ಕಾರಣಕ್ಕೆ. ಅಂದರೆ ಬಾಸ್‌ಗೂ 'ನೀವು', ಅವರ ನಾಯಿಗೂ 'ನೀವು'.

'ದೇ' ಒಬ್ಬರಿಗೆ ಬರುವುದೇ ಇಲ್ವಾ? ಬರುತ್ತದೆ, ಆದರೆ ಗೌರವಕ್ಕಲ್ಲ. "ನಾಳೆ ಹೊಸ ಮ್ಯಾನೇಜರ್ ಬರುತ್ತಾರೆ, ಅವರು ಎಲ್ಲರನ್ನೂ ಮಾತಾಡಿಸುತ್ತಾರೆ" ಅನ್ನಿ. ಗಂಡಸೋ ಹೆಂಗಸೋ ಕನ್ನಡದಲ್ಲಿ ಹೇಳಬೇಕಿಲ್ಲ. ಇಂಗ್ಲಿಷ್‌ನಲ್ಲಿ ಹಿ, ಶಿ ಯಾವುದು ಅಂತ ಗೊತ್ತಿಲ್ಲದಾಗ ದೇ ಬಳಸುತ್ತಾರೆ: 'ದೇ ವಿಲ್ ಮೀಟ್ ಎವರಿಒನ್'. 'ಸಮ್‌ಬಡಿ ಲೆಫ್ಟ್ ದೇರ್ ಅಂಬ್ರೆಲಾ' ಕೂಡ ಹೀಗೆಯೇ. ಈ ಬಳಕೆ 14ನೇ ಶತಮಾನದಿಂದಲೂ ಇದೆ. ತಮ್ಮನ್ನು ಗಂಡು ಅಂತಲೂ ಹೆಣ್ಣು ಅಂತಲೂ ಗುರುತಿಸಿಕೊಳ್ಳದ ಕೆಲವರು ಈಗ ತಮಗೆ ದೇ ಬಳಸಿ ಎನ್ನುತ್ತಾರೆ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು 2019ರಲ್ಲಿ ಆ ಅರ್ಥವನ್ನು ಸೇರಿಸಿ, ದೇ ಪದವನ್ನೇ ಆ ವರ್ಷದ ಪದ ಎಂದು ಆರಿಸಿತು.

ಮ್ಯಾನೇಜರ್ ಬಂದು ಕುರ್ಚಿಯಲ್ಲಿ ಕೂತ ಮೇಲೆ ಹಿ ಅಥವಾ ಶಿ ಅನ್ನಿ. ಪರೀಕ್ಷೆ ಬರೆಯುವವರು ಮಾತ್ರ ಸ್ವಲ್ಪ ಜೋಪಾನ. ಹಳೇ ಕಾಲದ ಮೌಲ್ಯಮಾಪಕರ ಕೈಗೆ ಪೇಪರ್ ಸಿಕ್ಕಿದರೆ ಒಬ್ಬರಿಗೆ ಬಳಸಿದ ದೇ ಕೆಳಗೆ ಕೆಂಪು ಗೆರೆ ಬೀಳಬಹುದು, ಅಲ್ಲಿ 'ಹಿ ಆರ್ ಶಿ' ಅಂತಲೇ ಬರೆದುಬಿಡಿ.