ಝೆನ್‌ಗೆ ಎಸ್ಟೀಮ್ ಕಾರ್ಬೊರೇಟರ್ ಎಂಜಿನ್: ನಾಲ್ಕು ವಾರದ ಕೆಲಸ

ಗಾಡಿ ಮಾರುತಿ ಝೆನ್, ಎಂಪಿಎಫ್‌ಐ (ಇಂಜೆಕ್ಟರ್‌ಗಳು ಪೆಟ್ರೋಲ್ ಚಿಮ್ಮಿಸುವ ಬಗೆ), 993 ಸಿಸಿ. ಕೂರಿಸುತ್ತಿರುವುದು ಹಳೆಯ ಮಾರುತಿ ಎಸ್ಟೀಮ್‌ನ 1298 ಸಿಸಿ, 8 ವಾಲ್ವ್ ಕಾರ್ಬೊರೇಟರ್ (ಗಾಳಿಯ ಸೆಳೆತದಿಂದಲೇ ಪೆಟ್ರೋಲ್ ಬೆರೆಸುವ ಬಗೆ) ಎಂಜಿನ್. ಕೆಲಸ ಶಿವಮೊಗ್ಗದಲ್ಲಿ, ಗಾಡಿ ಓಡುವುದು ತೀರ್ಥಹಳ್ಳಿ ಕಡೆಯ ತೋಟದ ಖಾಸಗಿ ದಾರಿಯಲ್ಲಿ ಮತ್ತು ಆಟೋಕ್ರಾಸ್ ಮೈದಾನದಲ್ಲಿ, ಸಾಗಿಸುವುದು ಟ್ರೈಲರ್ ಮೇಲೆ. ರಸ್ತೆಗಿಳಿಸಬೇಕೆಂದರೆ ಆರ್‌ಟಿಒ ಅನುಮತಿ ಮೊದಲೇ ಪಡೆಯಬೇಕು. ಬಿಎಸ್-2 (ಹಳೆಯ ಹೊಗೆ ಮಾನದಂಡ) ಗಾಡಿಯ ಹೊಗೆಯಲ್ಲಿ ಐಡಲ್‌ನಲ್ಲಿ, ಅಂದರೆ ಎಕ್ಸಿಲರೇಟರ್ ಒತ್ತದೆ ಓಡುವಾಗ, ಸಿಒ (ಕಾರ್ಬನ್ ಮಾನಾಕ್ಸೈಡ್) ಶೇ 0.5 ದಾಟಬಾರದು, ಸ್ಕ್ರೂ ತಿರುಗಿಸಿ ಹೊಂದಿಸುವ ಕಾರ್ಬೊರೇಟರ್ ಆ ಮಟ್ಟವನ್ನು ದಿನವೂ ಕಾಯ್ದುಕೊಳ್ಳುವುದಿಲ್ಲ.

ಪವರ್ ಲೆಕ್ಕ ನೋಡಿದರೆ 60 ಎಚ್‌ಪಿ ಇದ್ದದ್ದು 65ರ ಆಸುಪಾಸಿಗೆ ಏರುತ್ತದೆ, ಅಷ್ಟೇ. ಲಾಭವಿರುವುದು ಸ್ಟ್ರೋಕ್‌ನಲ್ಲಿ, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರದಲ್ಲಿ. ಬೋರ್ (ಸಿಲಿಂಡರ್ ವ್ಯಾಸ) 72ರಿಂದ 74 ಮಿ.ಮೀ. ಆದರೆ, ಸ್ಟ್ರೋಕ್ 61ರಿಂದ 75.5ಕ್ಕೆ ಏರುತ್ತದೆ. ಕೆಸರು ತುಂಬಿದ ಏರಿನಲ್ಲಿ ಕ್ಲಚ್ ಸುಡದೆ, ಕಡಿಮೆ ಆರ್‌ಪಿಎಂನಲ್ಲೇ ಎಳೆಯಲು ಬೇಕಾದದ್ದು ಇದೇ. 1.3 ಎಂಪಿಎಫ್‌ಐ ಎಂಜಿನ್ ತನ್ನ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೂರ್ತಿ ವೈರಿಂಗ್ ಸಮೇತ ಸಿಕ್ಕರೆ ಅದೇ ಒಳ್ಳೆಯದು, ಅನುಮಾನ ಬೇಡ. ಗುಜರಿಯಲ್ಲಿ ಅದು ಸಾಮಾನ್ಯವಾಗಿ ವೈರಿಂಗ್ ಕತ್ತರಿಸಿಯೇ ಬರುತ್ತದೆ.

ಮೊದಲ ವಾರ: ಎಂಜಿನ್ ಆಯ್ಕೆ

ಕೊಳ್ಳುವ ಮೊದಲು ಕಂಪ್ರೆಶನ್, ಅಂದರೆ ಸಿಲಿಂಡರ್‌ನೊಳಗಿನ ಒತ್ತಡ, ನೋಡಲೇಬೇಕು. ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಚಾರ್ಜ್ ಇರುವ ಬ್ಯಾಟರಿಯಲ್ಲಿ ಕ್ರ್ಯಾಂಕ್ ಮಾಡಬೇಕು. ಗೇಜ್ 170 ಪಿಎಸ್‌ಐಗಿಂತ ಕೆಳಗಿದ್ದರೆ, ಅಥವಾ ಸಿಲಿಂಡರ್‌ಗಳ ನಡುವೆ 14 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಎಂಜಿನ್ ಬೇಡ. ಇಳಿಸಿದ ಎಂಜಿನ್ ಕೈಯಲ್ಲಿರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಹಿಂದಿನ ಆಯಿಲ್ ಸೀಲ್ ಹೊಸದು ಹಾಕಿದ್ದಾಯಿತು. ವಾಲ್ವ್ ಸಂದು ತಣ್ಣಗಿದ್ದಾಗ ಇನ್‌ಲೆಟ್ 0.13ರಿಂದ 0.17, ಎಕ್ಸಾಸ್ಟ್ 0.16ರಿಂದ 0.20 ಮಿ.ಮೀ.

ಎರಡನೇ ವಾರ: ಕೂರಿಸುವುದು

ಎರಡೂ ಜಿ ಸರಣಿಯ ಎಂಜಿನ್‌ಗಳಾದ್ದರಿಂದ ಇಲ್ಲಿ ಹೆಚ್ಚು ತಲೆನೋವಿಲ್ಲ. ಎಸ್ಟೀಮ್‌ನ ಫ್ಲೈವೀಲ್, ಪ್ರೆಶರ್ ಪ್ಲೇಟ್ ಇಟ್ಟುಕೊಂಡು, ಕ್ಲಚ್ ಪ್ಲೇಟ್ ಝೆನ್ ಗೇರ್‌ಬಾಕ್ಸ್ ಶಾಫ್ಟ್ ಮೇಲೆ ಸಲೀಸಾಗಿ ಜಾರುತ್ತದೆಯೇ ಎಂದು ಮೊದಲು ಕೈಯಲ್ಲೇ ಹಾಕಿ ನೋಡಬೇಕು. ಬೋಲ್ಟ್ ಬಿಗಿದ ಮೇಲೆ ಗೊತ್ತಾದರೆ ಇಡೀ ಎಂಜಿನ್ ಮತ್ತೆ ಚೈನ್ ಪುಲ್ಲಿಗೆ.

ಸ್ಟ್ರೋಕ್ ಉದ್ದವಾದಷ್ಟು ಬ್ಲಾಕ್ ಎತ್ತರ, ಅದರ ಮೇಲೆ ಕಾರ್ಬೊರೇಟರ್, ಅದರ ಮೇಲೆ ಏರ್ ಕ್ಲೀನರ್. ಬಾನೆಟ್‌ಗೆ ತಾಗುತ್ತದೆಯೇ ಎಂದು ನೋಡಲು ಏರ್ ಕ್ಲೀನರ್ ಮುಚ್ಚಳದ ಮೇಲೆ ಮೂರು ಕಡೆ ಜೇಡಿಮಣ್ಣಿನ ಉಂಡೆ ಇಟ್ಟು, ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆದರೆ ಸಾಕು. ಚಪ್ಪಟೆಯಾದ ಮಣ್ಣಿನ ದಪ್ಪವೇ ಸಂದಿನ ಅಳತೆ. ಎಡಗಡೆಯ ಉಂಡೆ 6 ಮಿ.ಮೀ. ಉಳಿದಿತ್ತು, ರೇಸ್ ಮಾಡಿದಾಗ ಎಂಜಿನ್ ಓಲಾಡುವುದರಿಂದ 10 ಮಿ.ಮೀ. ಆದರೂ ಬೇಕು. ಹಳೆ ಮೌಂಟಿಂಗ್ ರಬ್ಬರ್ ಕುಸಿದು ಎಂಜಿನ್ ಒಂದು ಕಡೆ ವಾಲಿತ್ತು, ಹೊಸದು ಹಾಕಿದ ಮೇಲೆ ಸರಿಹೋಯಿತು.

ಮೂರನೇ ವಾರ: ಪೆಟ್ರೋಲ್ ದಾರಿ

ಈ ಬದಲಾವಣೆಯಲ್ಲಿ ಅಪಾಯವಿರುವುದೆಲ್ಲ ಇಲ್ಲಿ. ಇಂಜೆಕ್ಷನ್ ಗಾಡಿಯ ಟ್ಯಾಂಕಿನೊಳಗಿನ ಪಂಪ್ ಎರಡೂವರೆಯಿಂದ ಮೂರು ಬಾರ್ ಒತ್ತಡ ಕೊಡುತ್ತದೆ. ಕಾರ್ಬೊರೇಟರ್‌ಗೆ ಬೇಕಿರುವುದು 0.2ರಿಂದ 0.3 ಬಾರ್. ಹಳೆ ಪಂಪ್ ಹಾಗೇ ಇಟ್ಟು ಪೈಪ್ ಜೋಡಿಸಿದರೆ ಫ್ಲೋಟ್ ಸೂಜಿ (ಕಾರ್ಬೊರೇಟರ್‌ನ ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವುದು) ಆ ಒತ್ತಡ ತಡೆಯುವುದಿಲ್ಲ; ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ, ಬೆಂಕಿ ಹತ್ತುತ್ತದೆ. ಪಂಪಿನ ವೈರ್ ಮಾತ್ರ ಕಿತ್ತರೂ ಸಾಲದು. ನಿಂತ ಪಂಪಿನ ಮೂಲಕ ಎಸ್ಟೀಮ್ ಎಂಜಿನ್‌ನ ಮೆಕ್ಯಾನಿಕಲ್ ಪಂಪ್ ಸರಿಯಾಗಿ ಎಳೆಯಲಾರದೆ, ಏರಿನ ಮಧ್ಯದಲ್ಲಿ ಕಾರ್ಬೊರೇಟರ್ ಬೌಲ್ ಬರಿದಾಗುತ್ತದೆ.

ಹಾಗಾಗಿ ಟ್ಯಾಂಕ್ ಇಳಿಸಿ, ಪಂಪ್ ಬಿಚ್ಚಿ, ಕಾರ್ಬೊರೇಟರ್ ಝೆನ್‌ನ ಬರಿ ಪಿಕಪ್ ಪೈಪ್ ಇರುವ ಯೂನಿಟ್ ಕೂರಿಸಲಾಯಿತು. ಬೋಲ್ಟ್ ತೂತು ಹೊಂದುತ್ತದೆಯೇ ಎಂದು ಹಳೆಯದನ್ನು ಪಕ್ಕಕ್ಕಿಟ್ಟು ನೋಡಿಯೇ ಕೊಳ್ಳಬೇಕು. ಹೆಡ್ ಪಕ್ಕದ ಮೆಕ್ಯಾನಿಕಲ್ ಪಂಪಿಗೆ ಮೂರು ಕೊಳವೆ: ಒಳಕ್ಕೆ, ಕಾರ್ಬೊರೇಟರ್‌ಗೆ, ಟ್ಯಾಂಕಿಗೆ ವಾಪಸ್. ಈ ರಿಟರ್ನ್ ಲೈನ್ ಮುಚ್ಚುವವರು ಬಹಳ. ಮುಚ್ಚಿದರೆ ಬಿಸಿ ಎಂಜಿನ್ ಆಫ್ ಮಾಡಿದಾಗ ಪೈಪಿನೊಳಗೆ ಕುದಿಯುವ ಪೆಟ್ರೋಲ್ ಸೂಜಿಯನ್ನು ತಳ್ಳಿ ಬೌಲ್ ತುಂಬಿಸುತ್ತದೆ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಫ್ಲಡ್. ಇಂಜೆಕ್ಷನ್ ಟ್ಯಾಂಕಿನಲ್ಲಿ ರಿಟರ್ನ್ ಇದ್ದೇ ಇದೆ, ಬಳಸಿಕೊಳ್ಳಿ.

ವೈರಿಂಗ್‌ನಲ್ಲಿ ಇಸಿಯು, ಇಂಜೆಕ್ಟರ್, ಪಂಪ್ ರಿಲೇ ಹೊರಗೆ. ಉಳಿಸಬೇಕಾದದ್ದು ಆಲ್ಟರ್ನೇಟರ್, ಸ್ಟಾರ್ಟರ್, ಆಯಿಲ್ ಲೈಟ್, ಟೆಂಪರೇಚರ್ ಗೇಜ್. ಕಾರ್ಬೊರೇಟರ್‌ನ ಐಡಲ್ ಸೊಲೆನಾಯ್ಡ್‌ಗೆ (ಐಡಲ್‌ನ ಪೆಟ್ರೋಲ್ ಬಿಡುವ ವಿದ್ಯುತ್ ವಾಲ್ವ್) ಇಗ್ನಿಷನ್ ಆನ್ ಆದಾಗ ಮಾತ್ರ ಬರುವ 12 ವೋಲ್ಟ್ ಕೊಡಬೇಕು. ಅದು ತಪ್ಪಿದರೆ ಎಕ್ಸಿಲರೇಟರ್ ಬಿಟ್ಟ ಕೂಡಲೇ ಗಾಡಿ ಆಫ್ ಆಗುತ್ತದೆ, ಜನ ಸುಮ್ಮನೆ ಕಾರ್ಬೊರೇಟರ್ ಬಿಚ್ಚಿ ತೊಳೆಯುತ್ತಾ ಕೂರುತ್ತಾರೆ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಸರದಿ) 1-3-4-2.

ನಾಲ್ಕನೇ ವಾರ: ಓಡಿಸಿದ್ದು

ಅರ್ಧ ಥ್ರಾಟಲ್‌ನಲ್ಲಿ ಜಗ್ಗಿ ಜಗ್ಗಿ ಓಡಿತು. ಪ್ಲಗ್ ಬಿಚ್ಚಿದರೆ ನಾಲ್ಕರ ಪಿಂಗಾಣಿಯೂ ಸುಣ್ಣದ ಬಿಳಿ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ. ಇರಬೇಕಾದದ್ದು ಒಣ ಅಡಿಕೆಯ ತಿಳಿಕಂದು. ಈಗ ಬಂಕಿನಲ್ಲಿ ಸಿಗುವುದು ಇ20, ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಬೆರೆತಷ್ಟೂ ಅದೇ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು, ಹಳೆ ಪೆಟ್ರೋಲ್‌ಗೆ ಹೋಲಿಸಿದರೆ ಸುಮಾರು ಶೇ 8. ಇಸಿಯು ತಾನೇ ಸರಿಪಡಿಸಿಕೊಳ್ಳುತ್ತಿತ್ತು, ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ಜೆಟ್‌ಗೆ ಆ ಬುದ್ಧಿಯಿಲ್ಲ. ರಂಧ್ರದ ವಿಸ್ತೀರ್ಣ ಶೇ 8 ಹೆಚ್ಚಬೇಕೆಂದರೆ ವ್ಯಾಸ ಶೇ 4 ಹೆಚ್ಚಿದರೆ ಸಾಕು: 100ರ ಜೆಟ್ ಇದ್ದಲ್ಲಿ 104ರ ಆಸುಪಾಸು. ತಂತಿ ಹಾಕಿ ಕೊರೆಯಬೇಡಿ, ಅಂಚು ಹಾಳಾದ ಜೆಟ್ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಮಲೆನಾಡಿನ ಥಂಡಿ, ಮಂಜಿನಲ್ಲಿ ಇನ್ನೊಂದು ಕಾಟ: ಪೆಟ್ರೋಲ್ ಆವಿಯಾಗುವಾಗ ಕಾರ್ಬೊರೇಟರ್ ಗಂಟಲು ತಣ್ಣಗಾಗಿ ಗಾಳಿಯ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಐದು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಐಡಲ್ ಬಿದ್ದರೆ ಇದನ್ನೇ ಅನುಮಾನಿಸಿ. ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಕೂಲಂಟ್ ಬಿಸಿ ತರುವ ಹೋಸ್‌ಗಳನ್ನೂ, ಎಕ್ಸಾಸ್ಟ್ ಪಕ್ಕದಿಂದ ಬಿಸಿಗಾಳಿ ತರುವ ಕೊಳವೆಯನ್ನೂ ಬಿಡದೆ ಜೋಡಿಸಬೇಕು.

ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಬೌಲ್ ಖಾಲಿ ಮಾಡಿಡಿ. ಎಥನಾಲ್ ನೀರು ಹೀರಿ, ಹೆಚ್ಚಾದಾಗ ಪೆಟ್ರೋಲ್‌ನಿಂದ ಬೇರ್ಪಟ್ಟು ತಳ ಸೇರುತ್ತದೆ. ಈ ಕಾರ್ಬೊರೇಟರ್ ಬಿಚ್ಚಿದಾಗ ಬೌಲ್ ತಳದಲ್ಲಿ ಬೂಷ್ಟಿನಂಥ ಬಿಳಿ ಪುಡಿ ಅಂಟಿತ್ತು, ಒಂದು ಚೂರು ಐಡಲ್ ಜೆಟ್‌ನೊಳಗೇ ಕೂತಿತ್ತು. ರಬ್ಬರ್ ಪೈಪ್, ಪಂಪ್ ಡಯಾಫ್ರಮ್, ಫ್ಲೋಟ್ ಸೂಜಿ ಎಲ್ಲವೂ ಎಥನಾಲ್ ತಾಳುವ ಹೊಸದಾಗಿರಲಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಬೆವರಿದರೂ ಮಿಸ್ಸಿಂಗ್ ಬರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಪ್ಲಗ್ ವೈರ್ ಟೋಪಿಗಳಿಗೆ ಸಿಲಿಕೋನ್ ಗ್ರೀಸ್ ಸವರಿ.

ಬಾಕಿ ಇರುವುದು ರೇಡಿಯೇಟರ್. ಝೆನ್‌ನದು ಎರಡನೇ ಗೇರಿನ ಉದ್ದ ಏರಿಗೆ ಸಾಲುತ್ತಿಲ್ಲ, ಫ್ಯಾನ್ ನಿಲ್ಲುವುದೇ ಇಲ್ಲ. ಮುಂದಿನ ವಾರ ಎಸ್ಟೀಮ್‌ನ ಕೋರ್ ಕೂರಿಸಿ, ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಆನ್ ಮಾಡಿ ಏರ್ ತೆಗೆಯಬೇಕು.